ಹೊಲ ನಂದು ಖರೆ, ನೀರು ಯಾರದು?

ಈ ಸಲ ಬೀಜ, ಗೊಬ್ಬರ, ಔಷಧಿ ಯಾವುದೂ ಇಲ್ಲ. ಬರಹ ಉದ್ದ ಐತಿ, ಊಟ ಆದಮ್ಯಾಲೆ ಪುರುಸೊತ್ತಿನಾಗ ಓದ್ರಿ.

ಹುನಗುಂದ-ಇಳಕಲ್ಲ ನಡುವಿನ ನಮ್ಮೂರಾಗ ಬರೋ ಗ್ರಾಮಸಭಾಕ್ಕ ಒಂದು ಠರಾವು ಬರಾಕತ್ತೈತಿ. ಅದರಾಗ ಮೂರ ಮಾತು. ಒಂದು, ಹಳ್ಳದ ಆಜುಬಾಜು ಹೊಸ ಬೋರ್ ಹೊಡಸೂ ಮುಂಚೆ ಊರಿಗೆ ತಿಳಿಸಬೇಕು. ಎರಡು, ಬರೇ ಬೋರಿನ ನೀರು ನಂಬಿ ಹೊಸದಾಗಿ ಕಬ್ಬು ಹಚ್ಚಬಾರದು. ಮೂರು, ಬ್ಯಾಸಗ್ಯಾಗ ಊರಿನ ಕುಡಿಯೂ ನೀರಿನ ಬೋರ್ ಬತ್ತಿದ್ರ ಹತ್ತಿರದ ಬೋರಿನವರು ದಿನಕ್ಕ ಒಂದು ತಾಸು ಊರಿನ ಟಾಕಿಗೆ ನೀರು ಬಿಡಬೇಕು.

ಇಷ್ಟಕ್ಕ ಊರು ಎರಡು ಪಾಲಾಗೈತಿ. ಒಂದು ಕಡೆಯವರು "ನನ್ನ ಹೊಲ, ನನ್ನ ರೊಕ್ಕ, ನನ್ನ ಬೋರ್, ಕೇಳಾಕ ನೀವ್ಯಾರು?" ಅಂತಾರ. ಇನ್ನೊಂದು ಕಡೆಯವರು "ಭೂಮಿ ಒಳಗಿನ ನೀರು ಎಲ್ಲಾರದು, ಸರ್ಕಾರನ ಎಲ್ಲಾ ಬೋರು ವಶಕ್ಕ ತಗೊಂಡು ಪಾಳಿ ಹಚ್ಚಲಿ" ಅಂತಾರ. ಕಾಲೇಜು ಓದಿದ ನಮ್ಮ ಹುಡುಗರು ಮೊದಲಿನವರಿಗೆ ಲಿಬರ್ಟೇರಿಯನ್ ಅಂತ ಹೆಸರಿಟ್ಟಾರ, ಎರಡನೇಯವರಿಗೆ ಸೋಶಿಯಲಿಸ್ಟ್ ಅಂತ. ಒಬ್ಬಗ ವ್ಯಕ್ತಿಯ ಸ್ವಾತಂತ್ರ್ಯ ದೊಡ್ಡದು, ಇನ್ನೊಬ್ಬಗ ಸಮುದಾಯದ ಹಿತ ದೊಡ್ಡದು. ಇದು ಜಗತ್ತಿನ ದೊಡ್ಡ ವಾದ, ನಮ್ಮೂರ ಕಟ್ಟಿಗೆ ಬಂದು ಕುಂತೈತಿ.

ನಾನು ಠರಾವಿನ ಪರ. ಆದ್ರ ಅದನ್ನ ಸರ್ಕಾರದ ಕೈಯಾಗ ಕೊಡಾಕ ನನ್ನ ಒಪ್ಪಿಗಿ ಇಲ್ಲ. ಯಾಕ ಅಂತ ಹೇಳತೀನಿ.

ಮೊದಲು "ನನ್ನ ಇಷ್ಟ" ಅನ್ನಾವರ ಮಾತು

ಇವರ ಮಾತಿನಾಗ ಹುರುಳಿಲ್ಲ ಅಂತ ನಾ ಅನ್ನೂದಿಲ್ಲ. ರೈತನ ಮ್ಯಾಲೆ "ಸಾರ್ವಜನಿಕ ಹಿತ" ಅಂತ ಹೇಳಿ ಹೊರಿಸಿದ ಭಾರ ಸಣ್ಣದಲ್ಲ. ಉಳ್ಳಾಗಡ್ಡಿ ಬೆಳಿಯೂ ನಮಗ ಇದನ್ನ ಯಾರೂ ಹೇಳಿಕೊಡೂದು ಬ್ಯಾಡ. 2023ರ ಡಿಸೆಂಬರ್ 8ಕ್ಕ ಉಳ್ಳಾಗಡ್ಡಿ ರಫ್ತು ಬಂದ್ ಮಾಡಿದ ಕೇಂದ್ರ ಸರ್ಕಾರ ಅದನ್ನ ತೆಗೆದದ್ದು 2024ರ ಮೇ ತಿಂಗಳಾಗ. ಪ್ಯಾಟಿ ಮಂದಿಗೆ ಸೋವಿ ಸಿಗಲಿ ಅನ್ನೂದು ಅದರ ಉದ್ದೇಶ. ಸೋವಿ ಸಿಕ್ಕಿದ್ದು ಅವರಿಗೆ, ದರ ಕಳಕೊಂಡದ್ದು ನಾವು.

ಮಹಾರಾಷ್ಟ್ರದ ಶರದ್ ಜೋಶಿಯವರು ಶೇತಕರಿ ಸಂಘಟನೆ ಕಟ್ಟಿ ಇದನ್ನ ಹೇಳತಿದ್ರು. ರೈತಗ ಸರ್ಕಾರದ ದಯೆ ಬ್ಯಾಡ, ಅವನ ಬೆನ್ನ ಮ್ಯಾಗಿಂದ ಸರ್ಕಾರ ಇಳಿದ್ರ ಸಾಕು, ಮಾರಾಟದ ಸ್ವಾತಂತ್ರ್ಯ ಕೊಡ್ರಿ, ತಂತ್ರಜ್ಞಾನದ ಸ್ವಾತಂತ್ರ್ಯ ಕೊಡ್ರಿ ಅನ್ನೂದು ಅವರ ವಾದ. ನಮ್ಮ ಕಡೆ ಪ್ರೊಫೆಸರ್ ನಂಜುಂಡಸ್ವಾಮಿಯವರು ಲೋಹಿಯಾ ದಾರಿಯ ಸಮಾಜವಾದಿ. ರೈತನ್ನ ಸುಲಿಯಾಕತ್ತಾರ ಅನ್ನೂದರಾಗ ಇಬ್ಬರದೂ ಒಂದ ಮಾತು. ಆದ್ರ ಡಂಕೆಲ್ ಪ್ರಸ್ತಾವ ಬಂದಾಗ ಜೋಶಿ ಸ್ವಾಗತ ಮಾಡಿದ್ರು, ನಂಜುಂಡಸ್ವಾಮಿ ವಿರುದ್ಧ ನಿಂತ್ರು. ಅಂದ್ರ ಈ ಜಗಳ ರೈತರ ಮನಿ ಒಳಗಿನದ, ಹೊರಗಿಂದ ಬಂದದ್ದಲ್ಲ.

ಉಳ್ಳಾಗಡ್ಡಿ ಮಾರೂ ವಿಷಯದಾಗ ನಾನೂ ಜೋಶಿಯವರ ಕಡೆ. ನನ್ನ ಉಳ್ಳಾಗಡ್ಡಿ ನಾ ಎಲ್ಲಿ ಮಾರಿದ್ರೂ ಮಗ್ಗಲ ಹೊಲದವನ ಉಳ್ಳಾಗಡ್ಡಿ ಕಡಿಮಿ ಆಗೂದಿಲ್ಲ. ನೀರಿನ ಲೆಕ್ಕ ಹಂಗಿಲ್ಲ.

ಲೆಕ್ಕ ಹಾಕೂಣು

ನಮ್ಮ ಜಿಲ್ಲೆಯ ಸರಾಸರಿ ಮಳಿ ವರ್ಷಕ್ಕ 600 ಮಿಲಿಮೀಟರ್ ಒಳಗ. ಲೆಕ್ಕಕ್ಕ ಸರಳ ಆಗಲಿ ಅಂತ 600 ಅಂತನ ಹಿಡೀರಿ. ಬಾದಾಮಿ ಕಡೆ ಮರಳುಗಲ್ಲು, ಇಳಕಲ್ಲ ಕಡೆ ಗ್ರಾನೈಟು. ಇಂಥ ಗಟ್ಟಿ ಕಲ್ಲಿನ ಸೀಮ್ಯಾಗ ಬಿದ್ದ ಮಳಿಯೊಳಗ ನೂರಕ್ಕ ಹತ್ತು ಪಾಲು ಕೆಳಗ ಇಂಗಿದ್ರ ಭಾಳಾತು. ಅಂದ್ರ 60 ಮಿಲಿಮೀಟರ್.

ಕಬ್ಬಿಗೆ ವರ್ಷಕ್ಕ ಸುಮಾರು 2000 ಮಿಲಿಮೀಟರ್ ನೀರು ಬೇಕು. ಅದರಾಗ 500 ಮಳಿಯಿಂದನ ಸಿಕ್ಕತು ಅನ್ರಿ. ಉಳಿದ 1500 ಬೋರಿನಿಂದ ಎತ್ತಬೇಕು. 1500ನ್ನ 60ರಿಂದ ಭಾಗಿಸ್ರಿ, 25 ಬರತೈತಿ. ಒಂದು ಎಕರೆ ಕಬ್ಬು ಅಂದ್ರ 25 ಎಕರೆಯಾಗ ಇಂಗಿದ ನೀರು. ಹಾಯಿಸಿದ್ದರಾಗ ಒಂದಿಷ್ಟು ತಿರುಗಿ ಇಂಗತೈತಿ, ಖರೆ. 25 ಬ್ಯಾಡ, 20 ಅನ್ರಿ. ಆದ್ರೂ ನಾಲ್ಕು ಎಕರೆ ಕಬ್ಬು ಹಚ್ಚಿದವಗ 80 ಎಕರೆಯ ನೀರು ಬೇಕು. ಅವನ ಉತಾರದಾಗ ಎಷ್ಟು ಎಕರೆ ಐತಿ? ಆರು, ಏಳು. ಉಳಿದ ಎಪ್ಪತ್ತು ಎಕರೆಯ ನೀರು ಯಾರದು?

ಇಲ್ಲೇ "ನನ್ನ ಹೊಲ, ನನ್ನ ನೀರು" ಅನ್ನೂ ಮಾತು ಮುರಿದು ಬೀಳತೈತಿ. ಅವ ಎತ್ತೂ ನೀರು ಅವನ ಹೊಲದಾಗ ಬಿದ್ದ ಮಳಿಯಲ್ಲ. ಮ್ಯಾಲಿನ ಮಡ್ಡಿಯಾಗ, ಗಾಯರಾಣದಾಗ, ಮಗ್ಗಲ ಹೊಲದಾಗ ಬಿದ್ದು ಕಲ್ಲಿನ ಬಿರುಕಿನಾಗ ಹಾದು ಬಂದದ್ದು. ಕಲ್ಲಿನ ಬಿರುಕಿಗೆ ಸರ್ವೆ ನಂಬರು ಗೊತ್ತಿಲ್ಲ. ಒಬ್ಬ 200 ಅಡಿಗೆ ನೀರು ಕಂಡಿದ್ದ, ಮಗ್ಗಲದಾವ 700 ಅಡಿ ಹೊಡಸಿ ದೊಡ್ಡ ಮೋಟರ್ ಇಳಿಸಿದ, ಮೊದಲಿನವನ ಬೋರಿನಾಗ ಗಾಳಿ ಬಂತು. ಇಂಥದ್ದು ಆಗಲಾರದ ಊರು ನಮ್ಮ ಸೀಮ್ಯಾಗ ಇದ್ರ ಹೇಳ್ರಿ.

ಆ ಮೊದಲಿನವಗ ಉಳಿದ ಸ್ವಾತಂತ್ರ್ಯ ಎಂಥಾದ್ದು? ಸಾಲ ತಗದು 900 ಅಡಿ ಹೊಡಸೂದು, ಇಲ್ಲಾ ಗಂಟು ಕಟಗೊಂಡು ಗೋವಾ, ಮಂಗಳೂರು ಕಡೆ ದುಡಿಯಾಕ ಹೋಗೂದು. ಅವನ ಹೊಲ ಯಾರೂ ಕಸಗೊಂಡಿಲ್ಲ, ಉತಾರದಾಗ ಹೆಸರು ಹಂಗ ಐತಿ. ಹೊಲದ ಕೆಳಗಿನ ನೀರು ಮಾತ್ರ ಹೋತು. ನಿಯಮ ಇಲ್ಲದ ಕಡೆ ಎಲ್ಲಾರೂ ಸ್ವತಂತ್ರರು ಅನ್ನಾವರು ಬೋರ್ ಗಾಡಿಯ ಬಿಲ್ ಒಂದ ಸಲ ನೋಡಲಿ. ಅಡಿಗೆ ಇಷ್ಟು ಅಂತ ರೊಕ್ಕ ಕೊಡಾಕ ಆಗಾವನ ಅಲ್ಲಿ ಸ್ವತಂತ್ರ.

ಇನ್ನೊಂದು ಮಾತು. "ಸರ್ಕಾರ ನನ್ನ ಬೋರಿನ ತಂಟೆಗೆ ಬರಬಾರದು" ಅನ್ನಾವರ ಬೋರು ನಡಿಯೂದು ಸರ್ಕಾರದ ಕರೆಂಟಿನ ಮ್ಯಾಲೆ. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಾಗ ಕರೆಂಟ್ ಬಿಲ್ ಇಲ್ಲ. ಅದರ ರೊಕ್ಕ ಎಲ್ಲಾರೂ ಕೊಡೂ ತೆರಿಗೆಯಿಂದ ಬರತೈತಿ, ಬೋರ್ ಇಲ್ಲದ ಕೂಲಿಯವ ಬೆಂಕಿಪೊಟ್ಟಣ ಕೊಂಡಾಗ ಕೊಡೂ ತೆರಿಗೆ ಸೈತ. ಉಚಿತ ಕರೆಂಟ್ ತಗೀರಿ ಅಂತ ನಾ ಹೇಳಾಕತ್ತಿಲ್ಲ, ತಗದ್ರ ಮೊದಲು ಸಾಯಾವ ಸಣ್ಣ ರೈತ. ಆದ್ರ ಎಲ್ಲಾರ ರೊಕ್ಕದಾಗ ಎಲ್ಲಾರ ನೀರು ಎತ್ತಿ, ಕಬ್ಬಿನ ಬಿಲ್ ಅಷ್ಟ ನಂದು ಅನ್ನೂದಕ್ಕ ಸ್ವಾತಂತ್ರ್ಯ ಅನ್ನೂ ದೊಡ್ಡ ಹೆಸರು ಬ್ಯಾಡ.

ಕಾಯ್ದೆ ಎಲ್ಲಿಂದ ಬಂತು

"ಕಾಯ್ದೆ ಪ್ರಕಾರ ನನ್ನ ಹೊಲದ ಕೆಳಗಿನ ನೀರು ನಂದು" ಅಂತ ಒಬ್ಬರು ಜೋರಾಗಿ ವಾದ ಮಾಡಿದ್ರು. ಅವರು ಹೇಳೂದು 1882ರ ಈಸ್‌ಮೆಂಟ್ ಕಾಯ್ದೆ. ಅದರ ಬೇರು ಇಂಗ್ಲೆಂಡಿನಾಗ ಐತಿ. ಅಲ್ಲಿ 1843ರಾಗ ಒಂದು ಮೊಕದ್ದಮೆ ನಡೀತು. ಕಲ್ಲಿದ್ದಲು ಗಣಿ ತೋಡಿದ್ದರಿಂದ ಒಬ್ಬನ ಗಿರಣಿಯ ಬಾಂವಿ ಬತ್ತಿತು. ನೆಲದ ಕೆಳಗ ನೀರು ಹೆಂಗ ಹರೀತೈತಿ ಅನ್ನೂದು ಯಾರಿಗೂ ಕಾಣೂದಿಲ್ಲ, ಆದ್ದರಿಂದ ಗಣಿಯವನ ಮ್ಯಾಲೆ ತಪ್ಪು ಹೊರಸಾಕ ಬರೂದಿಲ್ಲ ಅಂತ ಕೋರ್ಟ್ ಹೇಳಿತು. ಆಗ ಸಬ್‌ಮರ್ಸಿಬಲ್ ಮೋಟರ್ ಇರಲಿಲ್ಲ, 700 ಅಡಿ ಬೋರ್ ಹೊಡಿಯೂ ಗಾಡಿ ಇರಲಿಲ್ಲ. ಹಗ್ಗ-ಕೊಡದ ಕಾಲದ ನಿಯಮ ಹಿಡಕೊಂಡು ನಾವು ಇವತ್ತು ಬೋರ್ ಹೊಡಿಯಾಕತ್ತೀವಿ.

ಆಸ್ತಿ ಹಕ್ಕಿನ ಗುರು ಅಂತ ಲಿಬರ್ಟೇರಿಯನ್‌ಗಳು ಹೆಸರು ಹೇಳೂ ಜಾನ್ ಲಾಕ್ 17ನೇ ಶತಮಾನದ ಇಂಗ್ಲೆಂಡಿನಾವ. ನೀ ದುಡಿದು ಬೆವರು ಸುರಿಸಿದ ನೆಲ ನಿಂದು ಅಂತ ಹೇಳಿದಾವ. ಆ ಮಾತು ನಮಗೂ ಹಿಡಸತೈತಿ. ಆದ್ರ ಅವನ ಒಂದು ಷರತ್ತು ಹಾಕ್ಯಾನ: ನೀ ತಗೊಂಡಮ್ಯಾಲೆ ಉಳಿದವರಿಗೂ ಸಾಕಷ್ಟು, ಅಷ್ಟ ಒಳ್ಳೇದು ಉಳಿದಿರಬೇಕು. ನಮ್ಮ ಹಳ್ಳದ ದಂಡ್ಯಾಗ ಈ ಷರತ್ತು ಉಳದೈತಿ ಏನು? ಗುರುವಿನ ಅರ್ಧ ಮಾತು ಹಿಡದು ಅರ್ಧ ಬಿಟ್ಟರ ಅದಕ್ಕ ಏನನ್ನಬೇಕು, ನೀವ ಹೇಳ್ರಿ.

ಈಗ "ಸರ್ಕಾರ ತಗೊಳ್ಳಲಿ" ಅನ್ನಾವರ ಮಾತು

ಇವರಿಗೆ ನನ್ನ ಉತ್ತರ ಎರಡು ಹೆಸರಿನಾಗ ಐತಿ: ನರಗುಂದ, ಬಾಗಲಕೋಟೆ.

ಮಲಪ್ರಭಾ ಕಾಲುವಿ ಬಂದಾಗ ಅದು ಎಲ್ಲಾರ ಹಿತಕ್ಕನ ಬಂತು. ಆಮ್ಯಾಲೆ ನಿಮ್ಮ ಹೊಲಕ್ಕ ನೀರಾವರಿ ಆಗೈತಿ, ಬೆಲಿ ಏರೈತಿ, ಅಭಿವೃದ್ಧಿ ಕರ ಕಟ್ರಿ ಅಂತ ಸರ್ಕಾರ ಕುಂತಿತು. ಕಾಲುವಿಯ ತುದಿಯವರಿಗೆ ನೀರು ಸರಿಯಾಗಿ ಮುಟ್ಟಿರಲಿಲ್ಲ, ಕರ ಮಾತ್ರ ಮುಟ್ಟಿತು. 1980ರ ಜುಲೈ 21ಕ್ಕ ನರಗುಂದ, ನವಲಗುಂದದಾಗ ರೈತರು ಎದ್ರು, ಗೋಲಿಬಾರ್ ಆತು, ಜೀವ ಹೋದ್ವು. ಆ ಕಿಚ್ಚಿನಿಂದನ ರಾಜ್ಯದ ರೈತ ಚಳವಳಿ ಬೆಳೀತು. ನಮ್ಮ ಹಿತ ಏನಂತ ನಮ್ಮನ್ನ ಕೇಳದ ಬೆಂಗಳೂರಿನಾಗ ಬರದ್ರ ಹಿಂಗ ಆಗತೈತಿ.

ಬಾಗಲಕೋಟೆಯ ಹಳೇ ಊರಿನ ಮಂದಿಗೆ ಇನ್ನೂ ಹೆಚ್ಚು ಗೊತ್ತು. ಆಲಮಟ್ಟಿ 519.60 ಮೀಟರ್ ಎತ್ತರಕ್ಕ ನೀರು ನಿಲ್ಲಿಸಿ ಎಷ್ಟೋ ಜಿಲ್ಲೆಗೆ ನೀರು ಕೊಟ್ಟಿತು. ಅದು ಒಳ್ಳೇದ ಆತು. ಆದ್ರ ಅದಕ್ಕ ಊರು, ಹೊಲ, ಗುಡಿ, ಮಸೂತಿ ಕೊಟ್ಟವರು ನಮ್ಮ ಬೀಗರು-ಬಿಜ್ಜರು. ಈಗ 524.256 ಮೀಟರಿಗೆ ಏರಿಸೂ ಮಾತು ನಡದೈತಿ. ಹಿತ ಎಲ್ಲಾರದು, ಮುಳುಗಡಿ ಕೆಲವರದು. ಸಮುದಾಯದ ಹೆಸರು ಹೇಳಿದ ಕೂಡಲೇ ನ್ಯಾಯ ಆತು ಅಂತ ತಿಳಕೊಳ್ಳಬ್ಯಾಡ್ರಿ.

ನೀರಿನ ಮ್ಯಾಲೆ ಸರ್ಕಾರದ ಕಾಯ್ದೆ ಇಲ್ಲಾ ಅಂತೇನಿಲ್ಲ. 1999ರ ಕಾಯ್ದೆ ಪ್ರಕಾರ ಸಾರ್ವಜನಿಕ ಕುಡಿಯೂ ನೀರಿನ ಬಾಂವಿ, ಬೋರಿನಿಂದ 500 ಮೀಟರ್ ಒಳಗ ಪರವಾನಿಗಿ ಇಲ್ಲದ ಬೋರ್ ಹೊಡಿಯಂಗಿಲ್ಲ. 2011ರಾಗ ಅಂತರ್ಜಲಕ್ಕ ಇನ್ನೊಂದು ಕಾಯ್ದೆ ಬಂತು. ನಿಮ್ಮೂರ ಟಾಕಿಯ ಬೋರಿನಿಂದ 500 ಮೀಟರ್ ಅಳದು ನೋಡ್ರಿ, ಒಳಗ ಎಷ್ಟು ಬೋರ್ ಅದಾವ ಎಣಿಸ್ರಿ. ದೂರದ ಆಫೀಸಿನ ಕಾಯ್ದೆ ರಾತ್ರಿ ಹನ್ನೆರಡಕ್ಕ ಬರೂ ಬೋರ್ ಗಾಡಿಯನ್ನ ಕಾಯೂದಿಲ್ಲ. ಬಿಗಿ ಮಾಡಿದ್ರ ಪರವಾನಿಗಿಗೆ ದರ ನಿಗದಿ ಆಗತೈತಿ. ಆಗ ಆಳ ಹೊಡಿಯಾವ ಅದನ್ನೂ ಕೊಡತಾನ, ಬಡವಗ ಅದೂ ಇಲ್ಲ.

ಹಂಗಾದ್ರ ದಾರಿ?

ದಾರಿ ಹೊಸದಲ್ಲ. ನಮ್ಮ ಎರಿ ಹೊಲದ ಒಡ್ಡು ನೋಡ್ರಿ. ಹುನಗುಂದದ ನಾಗರಾಳ ಮನೆತನದವರ ಒಡ್ಡಿನ ಕೆಲಸ ನೋಡಾಕ ದೂರದೂರದಿಂದ ಮಂದಿ ಬಂದು ಹೋಗ್ಯಾರ. ಒಡ್ಡು ನನ್ನ ಹೊಲದಾಗ ಐತಿ, ಮಣ್ಣು ನಂದು, ಖರ್ಚು ನಂದು. ಆದ್ರ ಹೆಚ್ಚಾದ ನೀರು ಹೊರಗ ಹೋಗಾಕ ಕಲ್ಲು ಕಟ್ಟಿ ಕೋಡಿ ಎಲ್ಲಿ ಬಿಡಬೇಕು ಅನ್ನೂದು ನನ್ನೊಬ್ಬನ ಇಷ್ಟ ಅಲ್ಲ. ನಾ ತಪ್ಪು ಕಡೆ ಬಿಟ್ಟರ ಕೆಳಗಿನ ಹೊಲದವನ ಒಡ್ಡು ಒಡಿತೈತಿ, ಅವನ ಮಣ್ಣು ಹಳ್ಳಕ್ಕ ಹೋಗತೈತಿ. ಅದಕ್ಕ ಮ್ಯಾಲಿನವ, ಕೆಳಗಿನವ ಕೂಡಿ ನಿಂತು ಕೋಡಿ ಜಾಗಾ ಗೊತ್ತು ಮಾಡತಾರ. ಒಡ್ಡು ಗಟ್ಟಿ ಇದ್ದದ್ದಕ್ಕನ ಮಳಿ ಕಮ್ಮಿ ಆದ ವರ್ಷನೂ ನಮಗ ಹಿಂಗಾರಿ ಜೋಳ, ಕಡಲಿ ಬಿತ್ತೂ ಧೈರ್ಯ. ಆ ನಿಯಮ ನನ್ನ ಸ್ವಾತಂತ್ರ್ಯ ಕಸಗೊಂಡಿಲ್ಲ, ನಾ ರೈತನಾಗಿ ಉಳಿಯಾಕ ಆಸರ ಆಗೈತಿ. ಮ್ಯಾಲೆ ಹರಿಯೂ ನೀರಿಗೆ ನಮ್ಮ ಹಿರಿಯರು ಮಾಡಿದ್ದನ್ನ ಕೆಳಗ ಹರಿಯೂ ನೀರಿಗೂ ಮಾಡ್ರಿ ಅನ್ನೂದ ಈ ಠರಾವು.

ಐಹೊಳೆ ನಮ್ಮ ಮಗ್ಗಲದಾಗ ಐತಿ. ಅಲ್ಲಿನ ಅಯ್ಯಾವೊಳೆ ಐನೂರ್ವರು ಅನ್ನೂ ವರ್ತಕರ ಸಂಘ ದಕ್ಷಿಣ ಭಾರತದ ತುಂಬ, ಕಡಲಾಚೆ ತನಕ ವ್ಯಾಪಾರ ಮಾಡಿದ್ದು ಶಾಸನಗಳಾಗ ಐತಿ. ಅವರಿಗಿಂತ ಸ್ವತಂತ್ರ ವ್ಯಾಪಾರಸ್ಥರು ಯಾರು? ಅವರಿಗೂ ತಮ್ಮದ ಆದ ಬಣಂಜು ಧರ್ಮ ಇತ್ತು, ತಾವ ಕಟ್ಟಿಕೊಂಡ ಕಟ್ಟಳೆ ಇತ್ತು. ಕೂಡಲಸಂಗಮದ ಶರಣರು ಕಾಯಕ ಅಂದ್ರು, ಅದರ ಜೋಡಿ ದಾಸೋಹನೂ ಅಂದ್ರು. ಒಂದರಾಗ ನನ್ನ ದುಡಿಮಿ ಐತಿ, ಇನ್ನೊಂದರಾಗ ಹಂಚಿಕಿ ಐತಿ. ಎರಡನ್ನೂ ಬ್ಯಾರೆ ಮಾಡಿದ್ರ ಎರಡೂ ಕೆಡತಾವ. ಗದಗ ಹತ್ತಿರದ ಕಣಗಿನಹಾಳದಾಗ 1905ರಾಗ ರೈತರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದೂ ಇದ ಬುದ್ಧಿಯಿಂದ. ಸಾಹುಕಾರನ ಬಡ್ಡಿಯಿಂದ ಬಿಡುಗಡಿ ಸಿಕ್ಕಿದ್ದು ಒಬ್ಬೊಬ್ಬರ ಜಾಣತನದಿಂದ ಅಲ್ಲ, ಹತ್ತು ಮಂದಿ ಒಬ್ಬರಿಗೊಬ್ಬರು ಜಾಮೀನು ನಿಂತಿದ್ದಕ್ಕ.

ನಮ್ಮದು ಹಳೇ ಕಥಿ ಅನ್ನಾವರಿಗೆ ಹೊಸಾದು ಹೇಳತೀನಿ. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಾಜಾರ್ ನಮ್ಮಂಗ ಬರಗಾಲದ ಊರು. ಅಲ್ಲಿ ಬೆಳಿಗೆ ಬೋರ್ ಹೊಡಿಯೂದನ್ನ ಊರ ನಿಲ್ಲಿಸೈತಿ, ನೀರು ಕುಡಿಯೂ ಬೆಳಿ ಹಚ್ಚೂದಿಲ್ಲ ಅಂತ ಗ್ರಾಮಸಭಾದಾಗ ಗೊತ್ತು ಮಾಡ್ಯಾರ. ವರ್ಷಾ ಮಳಿ ಅಳದು ಎಷ್ಟು ನೀರು ಐತಿ, ಯಾವ ಬೆಳಿ ಅಂತ ಕೂಡಿ ಲೆಕ್ಕ ಹಾಕತಾರ. ಊರು ಬಿಟ್ಟು ಹೋದವರು ತಿರುಗಿ ಬಂದಾರ. ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ ಅಂತರ್ಜಲ ಇಳದು ಸಮುದ್ರದ ಉಪ್ಪುನೀರು ಒಳಗ ನುಗ್ಗಾಕ ಹತ್ತಿದಾಗ ನೀರು ಎತ್ತಾವರ ಕೂಡಿ, ಇಷ್ಟಿಷ್ಟು ಕಡಿಮಿ ಎತ್ತತೀವಿ ಅಂತ ಒಪ್ಪಂದ ಮಾಡಿಕೊಂಡ್ರು. ಅದನ್ನ ಅಭ್ಯಾಸ ಮಾಡಿದ ಎಲಿನಾರ್ ಆಸ್ಟ್ರಮ್ ಅನ್ನೂ ತಾಯಿ 2009ರಾಗ ಅರ್ಥಶಾಸ್ತ್ರದ ನೊಬೆಲ್ ತಗೊಂಡ್ರು. ಕೂಡಿ ಬಳಸೂ ವಸ್ತುವನ್ನ ಉಳಿಸಾಕ ಖಾಸಗಿ ಮಾಡೂದು, ಸರ್ಕಾರಕ್ಕ ಕೊಡೂದು ಎರಡ ದಾರಿ ಅಲ್ಲ, ಬಳಸಾವರ ನಿಯಮ ಮಾಡಿ ಕಾಯಬಹುದು ಅನ್ನೂದು ಅವರು ಊರೂರು ನೋಡಿ ಹೇಳಿದ ಮಾತು.

ಎದುರಿನವರ ಪ್ರಶ್ನೆ

"ಇವತ್ತು ನೀರು ಅಂತೀರಿ, ನಾಳೆ ಹೊಲನೂ ಊರದು ಅಂತೀರಿ" ಅಂತ ಅಂಜಿಕಿ ಹಾಕಾವರು ಅದಾರ. ಇದಕ್ಕ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟೈತಿ. ಕರ್ನಾಟಕ ಸರ್ಕಾರ ಖಾಸಗಿ ಬಸ್ಸು ವಶಕ್ಕ ತಗೊಂಡ ಪ್ರಕರಣದಾಗ, 1977ರಾಗ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಖಾಸಗಿ ಆಸ್ತಿನೂ ಸಮುದಾಯದ ಸಂಪನ್ಮೂಲದಾಗ ಬರತೈತಿ ಅಂತ ಬರದಿದ್ರು. 2024ರ ನವೆಂಬರ್ 5ಕ್ಕ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಎಲ್ಲಾ ಖಾಸಗಿ ಆಸ್ತಿ ಹಂಗ ಆಗೂದಿಲ್ಲ ಅಂತ ಬಹುಮತದಿಂದ ಹೇಳೈತಿ. ಆದ್ರ ವಸ್ತು ಎಂಥಾದ್ದು, ಎಷ್ಟು ವಿರಳ ಐತಿ, ಕೆಲವರ ಕೈಯಾಗ ಸೇರಿದ್ರ ಸಮುದಾಯಕ್ಕ ಏನಾಗತೈತಿ ಅನ್ನೂದನ್ನ ನೋಡಬೇಕು ಅಂತನೂ ಹೇಳೈತಿ. ಅದ ಅಳತಿಗೋಲು ಹಿಡೀರಿ. ನನ್ನ ಎತ್ತು, ನನ್ನ ಟ್ರ್ಯಾಕ್ಟರು, ನನ್ನ ಹೊಲ ನಂದು. ನೆಲದೊಳಗ ಹರಿಯೂ ನೀರು ಬ್ಯಾರೆ ಜಾತಿ.

ಎರಡನೇ ಪ್ರಶ್ನೆ ಇದಕ್ಕಿಂತ ಗಟ್ಟಿ ಐತಿ, ಮತ್ತ ಅದನ್ನ ಕೇಳಿದವರು ಬೋರ್ ಇಲ್ಲದವರು. "ನೀವೆಲ್ಲಾ ಹೊಡಸಿ ಕುಂತೀರಿ. ಈಗ ನಮ್ಮ ಪಾಳಿ ಬಂದಾಗ ನಿಯಮ ಮಾಡತೀರಾ?" ಗಂಗಾ ಕಲ್ಯಾಣದಾಗ ಅರ್ಜಿ ಹಾಕಿ ಕುಂತ ಎರಡು ಎಕರೆ ರೈತನ ಮಾತು ಇದು. ಈ ಮಾತಿಗೆ ಉತ್ತರ ಇಲ್ಲದ ಠರಾವು ಇದ್ದವರು ಕಟಗೊಂಡ ಬೇಲಿ ಅಷ್ಟ. ಅದಕ್ಕ ನಾಲ್ಕನೇ ಮಾತು ಸೇರಿಸಬೇಕು ಅನ್ನೂದು ನನ್ನ ಒತ್ತಾಯ: ಬೋರ್ ಇಲ್ಲದ ಸಣ್ಣ ಹಿಡುವಳಿದಾರಗ ಮೊದಲ ಬೋರಿನ ಹಕ್ಕು ಇರಬೇಕು. ಎರಡು, ಮೂರು ಬೋರ್ ಇದ್ದವರು ಇನ್ನೊಂದು ಹೊಡಸಂಗಿಲ್ಲ. ಹೊಸ ಬೋರಿಗೆ ಜಾಗಾ ಇಲ್ಲದಿದ್ರ ಇದ್ದ ಬೋರಿನಿಂದ ಪಾಳಿ ಪ್ರಕಾರ ನೀರು ಕೊಡಬೇಕು, ಅದರ ದರ ಸಭಾದಾಗ ಗೊತ್ತಾಗಬೇಕು. ಸ್ವಾತಂತ್ರ್ಯ, ಸಮಾನತೆ ಎರಡೂ ನಮ್ಮೂರಾಗ ಪರೀಕ್ಷೆ ಆಗೂದು ಇಲ್ಲೇ. ಈ ನಾಲ್ಕನೇ ಮಾತು ಬಿಟ್ಟು ಉಳಿದ ಮೂರಕ್ಕ ಕೈ ಎತ್ತಾಕ ನಾ ತಯಾರಿಲ್ಲ.

ಮೂರನೇದು, "ಯಾರು ಕಾಯಾವರು?" ಪರವಾನಿಗಿ ಚೀಟಿ ಬ್ಯಾಡ, ಆಫೀಸರ್ ಸಹಿ ಬ್ಯಾಡ. ಯಾರು ಎಲ್ಲಿ ಎಷ್ಟು ಅಡಿ ಹೊಡಸ್ಯಾರ ಅನ್ನೂದನ್ನ ಪಂಚಾಯ್ತಿ ಗೋಡಿ ಮ್ಯಾಲೆ ಬರೀಬೇಕು. ವರ್ಷಕ್ಕೊಮ್ಮೆ ನಿಯಮ ತಿರುಗಿ ಸಭಾದ ಮುಂದ ಬರಬೇಕು, ಸರಿ ಬರಲಿಲ್ಲ ಅಂದ್ರ ಬದಲಿ ಮಾಡಬೇಕು. ನಾವ ಮಾಡಿದ್ದನ್ನ ನಾವ ಬದಲಿ ಮಾಡಾಕ ಬರತೈತಿ. ಬೆಂಗಳೂರಿನಾಗ ಮಾಡಿದ್ದನ್ನ ಬದಲಿ ಮಾಡಾಕ ನರಗುಂದದಾಗ ಜೀವ ಕೊಡಬೇಕಾತು.

ಇಳಕಲ್ಲ, ಹುನಗುಂದ, ಬಾದಾಮಿ ಸೀಮೆಯ ಬ್ಯಾರೆ ಊರಿನವರೂ ಇದನ್ನ ಓದತೀರಿ ಅಂತ ಒಂದು ಕೆಲಸ ಹೇಳತೀನಿ. ಊರಾಗ ಹಳೇ ಬಾಂವಿ ಒಂದು ಇದ್ದ ಇರತೈತಿ. ಹಗ್ಗಕ್ಕ ಕಲ್ಲು ಕಟ್ಟಿ ಇಳಿಸಿ ನೀರು ಎಷ್ಟು ಅಡಿಗೆ ಐತಿ ಅಂತ ಅಳೀರಿ. ಮಳಿಗಾಲ ಮುಗದ ಮ್ಯಾಲೆ ಒಮ್ಮೆ, ಯುಗಾದಿ ಆದಮ್ಯಾಲೆ ಒಮ್ಮೆ. ಆ ಎರಡು ಅಂಕಿ ಗುಡಿ ಕಟ್ಟಿ ಮ್ಯಾಲೆ ಸುಣ್ಣದಾಗ ಬರೀರಿ. ಬಾಂವಿ ಪೂರಾ ಒಣಗಿದ್ರ ಅದನ್ನೂ ಬರೀರಿ. ಗ್ರಾಮಸಭಾಕ್ಕ ಹೋಗುವಾಗ ಆ ಅಂಕಿ ತಗೊಂಡು ಹೋಗ್ರಿ, ಹೆಣ್ಣುಮಕ್ಕಳನ್ನೂ ಕರಕೊಂಡು ಹೋಗ್ರಿ. ಟಾಕಿ ಬತ್ತಿದಾಗ ಕೊಡ ಹೊತ್ತು ಹೊಲಕ್ಕ ಬರಾವರು ಅವರು, ಅವರ ಮಾತು ಮೊದಲು ಕೇಳಬೇಕು.